ಒಲೆಯ ಹಿಂದಿನ ಹಾವು

ಅಪ್ಪಾ,

ಸುದ್ದಿ ಮೊದಲು ಹೇಳಿದವನು ಗಿರ್ದೆನಿಸ್ ಚಿಕ್ಕಪ್ಪ, ಮೊನ್ನೆ ಸಂಜೆ ವಿಲ್ನಿಯಸ್‌ನಿಂದ ಬಂದು.

“ನಮ್ಮ ದೊರೆ ಕ್ರೈಸ್ತನಾದ ಕಣ್ರೋ! ಅವನಿಗೆ ಪೋಲೆಂಡಿನ ಕಿರೀಟ, ನದೀಲಿ ಮುಳುಗೆದ್ದು ದೀಕ್ಷೆ ತಗೊಂಡ್ರೆ ನಮಗೊಂದು ಉಣ್ಣೆ ಅಂಗಿ.”

“ಅಣ್ಣನ್ನ ಕಡಿದವರೂ ಶಿಲುಬೆಯವರೇ ಅಲ್ವೇನೋ?” ಎಂದಳು ಅತ್ತೆ, ನಿನ್ನನ್ನು ನೆನೆದು.

“ಅದಕ್ಕೇ ಕಣೇ. ನಾವೂ ಕ್ರೈಸ್ತರಾದ್ರೆ ಊರು ಸುಡೋಕೆ ಅವರಿಗೆ ನೆಪ ಇರಲ್ಲ. ಇನ್ಮೇಲೆ ಮನೇಲಿ ದೇವರ ಹಾವು ಸಾಕೋ ಹಾಗಿಲ್ಲ, ಅಷ್ಟೇ.”

ನಾನು ಒಲೆಯ ಮುಂದೆ ಹಾಲಿಟ್ಟು, ನೀನು ಕಲಿಸಿದಂತೆಯೇ ಸಿಳ್ಳೆ ಹಾಕಿದೆ. ನಮ್ಮ ಹಾವು ನಂಬಿ ಬಂತು. ಕಡಿದ ಕೊಡಲಿ ನಿನ್ನದೇ.

ಮರುದಿನ ಬೆಳಿಗ್ಗೆ ಎಲ್ಲರೂ ನದಿಗಿಳಿದೆವು. ಪಾದ್ರಿ ನಮ್ಮ ಗಂಡಸರ ಸಾಲಿಗೆಲ್ಲ ಪೇತ್ರಸ್ ಎಂದು ಒಂದೇ ಹೆಸರಿಟ್ಟ. ಅಂಗಿ ಬೆಚ್ಚಗಿದೆ.

ಅತ್ತೆ ತಡವಾಗಿ ಬಂದಳು. ತನ್ನ ಮನೆಯ ಹಾವನ್ನು ಮಡಿಲಲ್ಲಿ ಹೊತ್ತು ಕಾಡಿಗೆ ಬಿಟ್ಟು ಬಂದಿದ್ದಳು.