ಆಮೆನ್ ಅಂದ ಮೇಲೆ

ಗುರುವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಈ ಮನೆಯಲ್ಲಿ ಈಗ ಸುಳ್ಳಿಗೆ ಜಾಗವಿಲ್ಲವಂತೆ. ಅದಕ್ಕೇ ನೇರವಾಗಿ ಕೇಳುತ್ತೇನೆ. ಈ ಕಾಗದವನ್ನು ಶನಿವಾರ ಅಣ್ಣನ ಕೈಯಲ್ಲಿ ಕಳಿಸುತ್ತೇನೆ. ಓದಿದ ಕೂಡಲೇ ಹೊರಟು ಬಾ. ಸೋಮವಾರ ಬೆಳಿಗ್ಗೆ ನಿನ್ನ ಅಳಿಯ ಮನೆ ಬಿಡುವ ಮೊದಲು ಅವರನ್ನು ತಡೆ. ನನ್ನ ಮಾತು ಕಿವಿಗೆ ಹಾಕಿಕೊಳ್ಳುತ್ತಿಲ್ಲ, ನಿನಗಾದರೆ ಎದುರಾಡುವುದಿಲ್ಲ.

ಅವರ ಪುಕ್ಕಲುತನ ನಿನಗೆ ಹೊಸದಲ್ಲ. ನಾಯಿ ಕಂಡರೆ ಬೀದಿ ಬದಲಿಸುವ ಗಂಡಸು. ಬಾಡಿಗೆ ಮನೆಯ ಯಜಮಾನ ಬಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ, ಮಾತಾಡುವುದು ನಾನು. ಮದುವೆಯಾದಾಗಿನಿಂದ ಈ ಮನೆಯ ಧೈರ್ಯವೆಲ್ಲ ನನ್ನ ಪಾಲಿಗೇ ಬಂದಿದೆ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಅವರು ಕೆಲಸ ಮಾಡುವ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಮಾಡುವ ದೊಡ್ಡ ಯಂತ್ರವಿದೆ. ಬಿಸಿ ರೋಲರಿನ ಹತ್ತಿರ ಕೈ ಹೋದರೆ ಯಂತ್ರ ತಾನಾಗಿ ನಿಲ್ಲಲಿ ಎಂದು ಮುಂದೆ ಒಂದು ಪಟ್ಟಿ ಇದೆ, ಕೈ ತಾಗಿ ಅದು ಅಲುಗಿದರೆ ಸಾಕು. ಅದರಿಂದ ಯಂತ್ರ ಮಾತುಮಾತಿಗೆ ನಿಲ್ಲುತ್ತದೆ, ಕೆಲಸ ಸಾಗುವುದಿಲ್ಲ, ಪಟ್ಟಿ ಅಲುಗದ ಹಾಗೆ ತಂತಿ ಬಿಗಿದು ಕಟ್ಟಿಬಿಡು ಎಂದ ಸೂಪರ್‌ವೈಸರ್. ಇವರು ಕಟ್ಟಿದರು. ಹೋದ ತಿಂಗಳು ಅಲ್ಲಿ ಯಂತ್ರಕ್ಕೆ ಶೀಟು ಹಾಕುವ ಒಬ್ಬ ಅಕ್ಕನ ಕೈ ಒಳಗೆ ಹೋಯಿತು. ಬಲಗೈ ಅಮ್ಮ, ಇನ್ನು ಆ ಕೈಯಿಂದ ತುತ್ತು ಎತ್ತುವುದೂ ಕಷ್ಟ. ಮಾಲೀಕರು ವಿಚಾರಣೆಗೆ ಬರುವಷ್ಟರಲ್ಲಿ ಸೂಪರ್‌ವೈಸರ್ ತಂತಿ ಬಿಚ್ಚಿ ಬಿಸಾಡಿದ್ದ. ಅವಳದೇ ಅಜಾಗ್ರತೆ ಎಂದು ಮಾಲೀಕರು ಅವಳನ್ನೇ ಕೆಲಸದಿಂದ ತೆಗೆದರು. ಇವರನ್ನು ಕೇಳಿದಾಗ ತಂತಿಯೂ ಗೊತ್ತಿಲ್ಲ, ಪಟ್ಟಿಯೂ ಗೊತ್ತಿಲ್ಲ ಎಂದು ಹೇಳಿ ಮನೆಗೆ ಬಂದರು. ಬಂದವರು ಊಟ ಬಿಟ್ಟರು.

ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೋದ ಭಾನುವಾರ ಪಾದ್ರಿಗಳು, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಬೆಂಕಿಗೆ ಚಳಿ ಕಾಯಿಸಿಕೊಳ್ಳುತ್ತ ನಿಂತು ಅವನು ಯಾರೋ ನನಗೆ ಗೊತ್ತೇ ಇಲ್ಲ ಎಂದ ಆ ಶಿಷ್ಯನ ವಿಷಯ ಹೇಳಿದರು. ಅಂಥ ಹೆದರುಪುಕ್ಕನ ಕೈಗೇ ಕರ್ತನು ತನ್ನನ್ನು ನಂಬಿದವರ ಮಂದೆಯನ್ನು ಒಪ್ಪಿಸಿದನಲ್ಲ ಎಂದರು. ಇವರು ಬೆಂಚಿನ ಅಂಚು ಹಿಡಿದುಕೊಂಡು ಕೂತಿದ್ದರು. ನಿನ್ನೆ ನಮ್ಮ ಮನೆಯಲ್ಲೇ ಪ್ರಾರ್ಥನಾ ಕೂಟ. ಒಬ್ಬರ ಮೊಣಕಾಲು ನೋವು, ಇನ್ನೊಬ್ಬರ ಮಗಳ ಪರೀಕ್ಷೆ, ಎಲ್ಲದಕ್ಕೂ ಪ್ರಾರ್ಥನೆ ಆದ ಮೇಲೆ ಇವರು ಎದ್ದು ನಿಂತರು.

"ನಾನು ಸುಳ್ಳು ಹೇಳಿದೀನಿ. ತಂತಿ ಕಟ್ಟಿದ್ದು ನಾನೇ. ಸೋಮವಾರ ಮಾಲೀಕರ ಹತ್ರ ಹೋಗಿ ಹೇಳ್ಬೇಕು. ತುಂಬಾ ಭಯ ಆಗ್ತಿದೆ, ನನಗೋಸ್ಕರ ಪ್ರಾರ್ಥನೆ ಮಾಡಿ" ಅಂದರು.

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ನಾನೂ ಜೋರಾಗಿ ಆಮೆನ್ ಅಂದೆ. ಒಳಗೆ ಮಾತ್ರ, ಬೇಡ ಕರ್ತನೇ, ಹೇಗಾದರೂ ಇವರನ್ನು ನಿಲ್ಲಿಸು ಎನ್ನುತ್ತಿದ್ದೆ. ಎರಡರಲ್ಲಿ ಯಾವುದು ಮೇಲೆ ಮುಟ್ಟಿತೋ ನೀನೇ ಹೇಳು.

ಧೈರ್ಯವಾದರೂ ಬಂದಿದ್ದರೆ ಒಪ್ಪಿಕೊಳ್ಳಬಹುದಿತ್ತು. ಬಂದಿಲ್ಲ ಅಮ್ಮ. ಇವತ್ತು ಬೆಳಿಗ್ಗೆ ಹೆದರಿಕೆಗೇ ವಾಂತಿ ಮಾಡಿಕೊಂಡರು. ಹಾಗಾದರೆ ದೇವರು ಬದಲಿಸಿದ್ದು ಏನನ್ನು? ನೌಕರಿ ಹೋಗುತ್ತದೆ, ಕೇಸೂ ಬೀಳಬಹುದು, ಮಕ್ಕಳ ಗತಿ ಏನು ಎಂದು ಕೇಳಿದರೆ, ಅದೆಲ್ಲ ನನಗೂ ಗೊತ್ತು ಎನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ. ಅಷ್ಟರಲ್ಲಿ ಆ ಅಕ್ಕನ ಕೈ ನೆನಪಾಗುತ್ತದೆ, ಆಮೇಲೆ ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗುವುದಿಲ್ಲ. ಅಳಿಯನಿಗೆ ಧೈರ್ಯ ಕೊಡು ಎಂದು ಇಷ್ಟು ವರ್ಷ ಬೇಡಿಕೊಂಡವಳು ನೀನು, ಈಗ ನೀನೇ ಬಂದು ಈ ಹಟ ಬಿಡಿಸು.

ದಾರಿ ಕಾಯುತ್ತಿರುವ
ನಿನ್ನ ಮಗಳು

ತಾ.ಕ.: ಇದನ್ನು ಸೋಮವಾರ ಸಂಜೆ ಸೇರಿಸುತ್ತಿದ್ದೇನೆ. ಶನಿವಾರ ಅಣ್ಣ ಬಂದಾಗ ಕಾಗದ ಕೊಡಲು ಮನಸ್ಸಾಗಲಿಲ್ಲ. ಇವರು ಮಾಲೀಕರಿಗೆ ಎಲ್ಲವನ್ನೂ ಹೇಳಿದರು. ಕೆಲಸ ಹೋಯಿತು. ಆ ಅಕ್ಕನ ಅಪಘಾತದ ವಿಚಾರಣೆ ಮತ್ತೆ ಮಾಡುತ್ತಾರಂತೆ. ಇನ್ನೊಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ. ಬೆಳಿಗ್ಗೆ ನಾನೇ ತಡೆಯೋಣವೆಂದು ಇವರ ಹಿಂದೆ ಲಾಂಡ್ರಿಗೆ ಓಡಿದೆ. ಮಾಲೀಕರ ಕೋಣೆಯ ಮುಂದೆ ನಿಂತಿದ್ದರು. ಬಾಗಿಲು ತಟ್ಟಲು ಕೈ ಎತ್ತುತ್ತಾರೆ, ಇಳಿಸುತ್ತಾರೆ. ನನ್ನನ್ನು ಕಂಡು "ಆಗ್ತಿಲ್ಲ ಕಣೇ" ಅಂದರು. ಮನೆಗೆ ಎಳೆದುಕೊಂಡು ಬರಬೇಕೆಂದೇ ಹೋದವಳು ನಾನು, ತೋಳನ್ನು ಗಟ್ಟಿಯಾಗಿ ಹಿಡಿದೆ ಕೂಡ. ಆಮೇಲೆ ಇನ್ನೊಂದು ಕೈಯಿಂದ ಬಾಗಿಲು ತಟ್ಟಿದೆ. ಯಾಕೆ ತಟ್ಟಿದೆ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ ಅಮ್ಮ, ತಿಳಿಯುತ್ತಿಲ್ಲ.