ನಾ ಯಾವಾಗ ಒಪ್ಪಿದೆ?

ಸ್ನೇಹಲಾನ ಅಪ್ಪಾರಿಗೆ,

ನಾನು ಕೋಠಿ ಏರಿಯಾದಾಗಿನ ಇಂಗ್ಲಿಷ್ ಕ್ಲಾಸಿಗೆ ಹೊಂಟೀನಿ. ರೊಟ್ಟಿ ಡಬ್ಬ್ಯಾಗ ಅದಾವ, ಪುಂಡಿಪಲ್ಯ ಬಿಸಿ ಮಾಡ್ಕೊಳ್ರಿ. ಬಿಪಿ ಗುಳಿಗಿ ಮರೀಬ್ಯಾಡ್ರಿ.

ನಿನ್ನೆ ಒಗ್ಯಾಕ ಹಾಕುವಾಗ ನಿಮ್ಮ ಅಂಗಿ ಕಿಸೆದಾಗ ನೀವು ಆಫೀಸಿಗೆ ಬರೆದ ಪತ್ರ ಸಿಕ್ತು. ನಾಗಪುರಕ್ಕ ನಿಮ್ಮ ವರ್ಗಾವಣೆ ವಿಷಯ. "ಆಫೀಸಿನಾಗ ಇನ್ನೂ ಏನೂ ಹೇಳಿಲ್ಲ, ಮಗಳ ಹತ್ತನೇ ಪರೀಕ್ಷೆ ಮುಗೀಲಿ, ಆಮ್ಯಾಲೆ ಇಬ್ರೂ ಕೂತು ವಿಚಾರ ಮಾಡೂಣು" ಅಂತ ಸೋಮವಾರ ನೀವ ಅಂದಿದ್ರಿ. ಪತ್ರದಾಗ ನೋಡಿದ್ರ 'ಐ ಹ್ಯಾವ್ ಅಗ್ರೀಡ್' ಅಂತೈತಿ.

ನನ್ನ ಓದೇ ತಪ್ಪಿರಬೇಕು ಅನ್ಕೊಂಡೆ. ಇಂಗ್ಲಿಷಿನ ಕ್ರಿಯಾಪದ ನನಗ ಇನ್ನೂ ಭಾಳ ಗೊಂದಲ. 'ಹ್ಯಾವ್' ಅಂದ್ರ ನಮ್ಮ ಹತ್ರ ಏನರ ಇರೂದು ಅಂತ ಕಲ್ತಿದ್ದೆ. ಅದಕ್ಕ ಯಾರ ಪತ್ರ ಅಂತ ಹೇಳದ ನಮ್ಮ ಟೀಚರ್ ವೇದವತಿಯವರಿಗೆ ಫೋನ್ ಹಚ್ಚಿ ಕೇಳಿದೆ. "ಹ್ಯಾವ್ ಆದಮೇಲೆ ಅಗ್ರೀಡ್ ಬಂದರೆ ಒಪ್ಪಿ ಆಗಿದೆ ಅಂತ ಅರ್ಥ, ಶಿವದೇವಿ. ಒಪ್ತೀನಿ ಅಂತ ಅಲ್ಲ" ಅಂದ್ರು.

ಅದರ ಕೆಳಗಿನ ಸಾಲಿನಾಗ 'ಮೈ ವೈಫ್ ಹ್ಯಾಸ್ ಆಲ್ಸೋ ಅಗ್ರೀಡ್' ಅಂತ ಬ್ಯಾರೆ ಬರದೀರಿ. ನಾ ಯಾವಾಗ ಒಪ್ಪಿದೆ? ಇದು ಸುಳ್ಳು ಅಂತ ತಿಳಿಯಾಕ ನನಗ ಟೀಚರ್ ಬೇಕಾಗಲಿಲ್ಲ.

ಇಂಥಾದ್ದ ಪತ್ರ ಇನ್ನೊಂದು ಆಗಲೇ ಆಫೀಸ್ ಮುಟ್ಟೇತೇನು? ಇಲ್ಲಾ ಇನ್ನೂ ಇದನ್ನ ಕೊಡಬೇಕೇನು? ನಾ ಬರೂದ್ರಾಗ ಈ ಚೀಟಿ ಹಿಂದ ಬರ್ದಿಡ್ರಿ. ಇಂಗ್ಲಿಷಿನಾಗ ಬ್ಯಾಡ, ಕನ್ನಡದಾಗ ಬರೀರಿ.

ಪತ್ರ ಟಿವಿ ಮುಂದ ಇಟ್ಟೀನಿ. ನನ್ನ ಸಾಲಿನಾಗ ಪೆನ್ನಿಲೆ ಒಂದು 'ನಾಟ್' ಸೇರಿಸೀನಿ. ಸರಿ ಜಾಗಾದಾಗ ಕುಂತೈತೋ ಇಲ್ಲೋ, ನೀವ ನೋಡ್ರಿ.

ಶಿವದೇವಿ