ಹುಲ್ಲೆಗೆ ಬೇಕಾದ ಹದಿನಾರು ಅಂಗುಲ

ಸಾರ್ವಜನಿಕ ಭೂಮಿ ಕಚೇರಿಯ ಅಧಿಕಾರಿಗಳೇ,

ಎಂಟನೇ ತರಗತಿಗೆ ಶಾಲೆ ಬಿಟ್ಟವಳ ಕೈಗೆ ಎಪ್ಪತ್ತಾರನೇ ವಯಸ್ಸಿನಲ್ಲಿ ಪೆನ್ನು ಕೊಟ್ಟಿದ್ದೀರಿ. ನನಗೆ ಇಕ್ಕಳ ಹಿಡಿದು ಅಭ್ಯಾಸ. ಫೋನಿನಲ್ಲಿ ಹೇಳಿದರೆ ಬರೆದು ಕೊಡಿ ಎಂದಿರಿ. ಸರಿ, ಊರೆಲ್ಲ ಓದಲಿ ಎಂದು ವಾರಪತ್ರಿಕೆಗೇ ಬರೆಯುತ್ತಿದ್ದೇನೆ. ಉತ್ತರದ ಗುಡ್ಡದ ಬೇಲಿಯಲ್ಲಿ ನಾವು ಊರಿನ ಕೆಲವರು ಸೇರಿ ಮಾಡುವ ಶನಿವಾರದ ಕೆಲಸವನ್ನು ನಿಮ್ಮ ನೋಟೀಸು ನಿಲ್ಲಿಸಿದೆ. ಮೂರು ಮೈಲಿ ಮುಗಿದಿದೆ, ಒಂದು ಮೈಲಿ ಬಾಕಿ. ಮೊದಲ ಹಿಮ ನಿಮ್ಮ ಸಹಿಗೆ ಕಾಯುತ್ತದೆಯೇ?

ಕವಲುಕೊಂಬಿನ ಹುಲ್ಲೆ ಗಾಳಿಯಂತೆ ಓಡುತ್ತದೆ, ಆದರೆ ಬೇಲಿ ಹಾರುವುದಿಲ್ಲ, ಅಡಿಯಲ್ಲಿ ನುಸುಳುತ್ತದೆ. ನಮ್ಮ ವಯೋಮಿಂಗ್ ರಾಜ್ಯದ ಹಸುಗೂಸಿಗೂ ಇದು ಗೊತ್ತು. ಕೆಳಗಿನ ಮುಳ್ಳುತಂತಿ ಬಿಚ್ಚಿ, ನುಣುಪು ತಂತಿಯನ್ನು ನೆಲದಿಂದ ಹದಿನಾರು ಅಂಗುಲಕ್ಕೆ ಕಟ್ಟಿದರೆ ಮುಗಿಯಿತು. ಇದಕ್ಕೆ ವಿಜ್ಞಾನಿ ಬೇಕೇ? ಇಕ್ಕಳ, ಕೈಗವಸು, ಒಂದು ಫ್ಲಾಸ್ಕು ಕಾಫಿ, ಮಂಡಿಯೂರಬಲ್ಲ ನಾಲ್ಕು ಜನ ಸಾಕು. ಮಂಡಿ ಬಾಗದವರು ಮೇಲಿನ ತಂತಿಗೆ ಬಿಳಿ ಪಟ್ಟಿ ಕಟ್ಟಲಿ, ನೆಲಕ್ಕೆ ಹತ್ತಿರವೇ ಹಾರುವ ಕಾಡುಕೋಳಿಗೆ ಕಾಣುತ್ತದೆ. ಅದೂ ಆಗದವರು ನಾಯಿಯನ್ನು ಹಗ್ಗದಲ್ಲಿ ಹಿಡಿದರೂ ಪುಣ್ಯ.

ನಮ್ಮದೂ ಒಂದು ತಪ್ಪಿದೆ. ನಮ್ಮ ಅಳತೆಗೋಲು ನನ್ನ ಮಂಡಿ, ನೆಲದಿಂದ ಸರಿಯಾಗಿ ಹದಿನಾರು ಅಂಗುಲ. ನಾನು ಬಾರದ ಒಂದು ಶನಿವಾರ, ಆರೂವರೆ ಅಡಿಯ ನಿವೃತ್ತ ಬಸ್ ಚಾಲಕ ಡೆಲ್ಬರ್ಟ್ ತನ್ನ ಮಂಡಿಯಿಂದ ಅಳೆದ. ಅಲ್ಲಿ ದನ ಮೇಯಿಸುವ ಗುತ್ತಿಗೆ ಮರ್ಲ್ ಕ್ವಿಗ್ಲಿಯದು, ಕೆಲಸಕ್ಕೆ ಒಪ್ಪಿದವನೂ ಅವನೇ. ಅವನ ಕರುಗಳು ಅಡಿಯಲ್ಲಿ ನುಸುಳಿ, ಗುಡ್ಡವಿಳಿದು, ನಿಮ್ಮ ಕಚೇರಿಯ ಮುಂದಿನ ಹೂಗಿಡಗಳನ್ನು ಬೋಳಿಸಿದವು.

“ಥೆಲ್ಮಕ್ಕ, ಹುಲ್ಲೆ ದಾಟಿಸು ಅಂದ್ರೆ ನನ್ನ ಕರುಗಳನ್ನ ಸರ್ಕಾರಿ ನೌಕರಿಗೆ ಸೇರಿಸ್ಬಿಟ್ಯಲ್ಲ” ಎಂದ ಮರ್ಲ್.

“ಸೇರಿದ ದಿನಾನೇ ಕೆಲಸ ಮಾಡಿದ್ವು, ಅದಕ್ಕೇ ಓಡಿಸಿದ್ರು” ಎಂದ ಡೆಲ್ಬರ್ಟ್.

ಮರುದಿನವೇ ತಂತಿ ಇಳಿಸಿದೆವು, ಹೂಗಿಡ ನೆಟ್ಟೆವು. ಅದಾದ ಮೇಲೆ ಬಂತು ನಿಮ್ಮ ನೋಟೀಸು, ಜೊತೆಗೆ ಹನ್ನೊಂದು ಪುಟದ ಅರ್ಜಿ. ಏಳನೇ ಪುಟದಲ್ಲಿ ‘ಪ್ರಾಣಿಗಳು ದಾಟುವ ಉದ್ದೇಶ’ ಕೇಳಿದ್ದೀರಿ. ಉದ್ದೇಶ ಹೊಟ್ಟೆ, ಸ್ವಾಮಿ; ಹಿಮ ಬಿದ್ದರೆ ಮೇವು ಇರುವುದು ಬೇಲಿಯಾಚೆ. ತೀರ್ಮಾನಕ್ಕೆ ನೂರೆಂಬತ್ತು ದಿನವಂತೆ. ಅಷ್ಟರಲ್ಲಿ ಹುಲ್ಲೆಗಳನ್ನು ದಾಟಿಸಲು ಅಲ್ಲ, ಹೂಳಲು ಅರ್ಜಿ ಹಾಕಬೇಕಾದೀತು.

ಈ ಸಿಟ್ಟಿಗೆ ಕಾರಣ ಹೇಳಿಬಿಡುತ್ತೇನೆ. ಆ ಬೇಲಿ ಹಾಕಿದವನು ನನ್ನಪ್ಪ. ತಂತಿಯ ಸುರುಳಿ ಹಿಡಿಯಲೆಂದೇ ನಾನು ಶಾಲೆ ಬಿಟ್ಟದ್ದು. ಕಳೆದ ಚಳಿಗಾಲ ಆ ಕೊನೆಯ ಮೈಲಿಯಲ್ಲಿ ಹನ್ನೊಂದು ಹುಲ್ಲೆಗಳು ದಾಟಲಾಗದೆ ಬೇಲಿಗೆ ಒರಗಿಯೇ ಸತ್ತಿದ್ದವು. ನಾನೇ ಬಿಗಿದ ತಂತಿ ಅದು. ಮೊನ್ನೆ, ನಾವು ಮುಗಿಸಿದ ಕಡೆ, ಒಂದು ತಾಯಿ ಹುಲ್ಲೆ ತಲೆ ತಗ್ಗಿಸಿ ನುಸುಳಿತು. ಆಚೆ ನಿಂತು ಮರಿಗಾಗಿ ಕಾಯಿತು. ಮರಿ ಬಂತು, ಎರಡೂ ಓಡಿದವು. ಡೆಲ್ಬರ್ಟ್ ಟೋಪಿ ತೆಗೆದ. ನಾನು ಬಹಳ ಹೊತ್ತು ನಕ್ಕೆ.

ಉಳಿದ ಒಂದು ಮೈಲಿಗೆ ಒಪ್ಪಿಗೆ ಕೊಡಿ. ನೀವೂ ಬನ್ನಿ, ಕೈಗವಸು ಒಂದು ಜೊತೆ ಹೆಚ್ಚಿದೆ. ಅಳತೆ ಮಾತ್ರ ನನ್ನ ಮಂಡಿಯದು. ಸೆಪ್ಟೆಂಬರ್ ಇಪ್ಪತ್ತೈದರೊಳಗೆ ನನಗೆ ಉತ್ತರ ಬೇಕು.

ಇಂತಿ,
ಆ ಬೇಲಿ ಕಟ್ಟಿದವಳು,
ಮಂಡಿಯೂರಬಲ್ಲೆ, ಏಳಲು ಮಾತ್ರ ಡೆಲ್ಬರ್ಟ್ ಬೇಕು,
ಥೆಲ್ಮಾ ಹಾಲ್‌ವರ್ಸನ್